ಫೊರೆನ್ಸಿಕ್ ನರ್ಸಿಂಗ್ ಕಲಿಯಬೇಕೆಂದಿರುವ ಕ್ಯಾಶುಯಲ್ಟಿ ಸಿಸ್ಟರ್‌ಗೆ

ಪ್ರಶ್ನೆ: ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಕ್ಯಾಶುಯಲ್ಟಿಯಲ್ಲಿ ಶುಶ್ರೂಷಾಧಿಕಾರಿಯಾಗಿದ್ದೇನೆ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಆದಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿಕೊಂಡೆ. ಈಗ ಹೊಸದಾಗಿ ಬರುತ್ತಿರುವ ಹುಡುಗಿಯರು ಫೊರೆನ್ಸಿಕ್ ನರ್ಸಿಂಗ್ (ಅಪರಾಧ ಪ್ರಕರಣದ ರೋಗಿಗಳ ಆರೈಕೆ, ಸಾಕ್ಷ್ಯ ಕಾಪಾಡುವ ಕೆಲಸ) ಓದಿಕೊಂಡೇ ಬರುತ್ತಿದ್ದಾರೆ. ನಾವು ಓದುವಾಗ ಆ ಹೆಸರೇ ಕೇಳಿರಲಿಲ್ಲ. ವಿಷ ಕುಡಿದವರು, ಹೊಡೆದಾಡಿಕೊಂಡವರು, ಸುಟ್ಟ ಗಾಯದವರು ನಮ್ಮಲ್ಲಿ ದಿನವೂ ಬರುತ್ತಾರೆ, ಆಗಾಗ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ) ಕೇಸೂ ಬರುತ್ತದೆ. ಅಮೆರಿಕದ್ದು ಎನ್ನುವ 40 ಗಂಟೆಯ ಆನ್‌ಲೈನ್ ಕೋರ್ಸಿನ ಜಾಹೀರಾತು ನೋಡಿದೆ. ಅದನ್ನು ಮುಗಿಸಿದರೆ ಸಂತ್ರಸ್ತೆಯ ಪರೀಕ್ಷೆಯನ್ನು ನಾನೇ ಮಾಡಿ ವರದಿ ಕೊಡಬಹುದೇ? ನೋಂದಣಿ ನವೀಕರಣಕ್ಕೆ ಆ ಗಂಟೆಗಳು ಲೆಕ್ಕಕ್ಕೆ ಬರುತ್ತವೆಯೇ? ಕೋರ್ಟಿಗೆ ಕರೆದರೆ ಏನು ಮಾಡಬೇಕು? (ಹೆಸರು ಬೇಡ)

ಉತ್ತರ: ಸಿಸ್ಟರ್, ಮೊದಲ ಪ್ರಶ್ನೆಗೆ ಉತ್ತರ ‘ಇಲ್ಲ’. ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಸಮಾಧಾನದಿಂದ ಮಾತಾಡಬಹುದು.

ಅತ್ಯಾಚಾರದ ಸಂತ್ರಸ್ತೆಯ ವೈದ್ಯಕೀಯ ಪರೀಕ್ಷೆಯನ್ನು ನಮ್ಮ ಕಾನೂನು ನೋಂದಾಯಿತ ವೈದ್ಯರಿಗೆ ಒಪ್ಪಿಸಿದೆ. ಮೊದಲು ಸಿಆರ್‌ಪಿಸಿಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ) 164ಎ ಇತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 184ನೇ ಕಲಂ ಬಂದಿದೆ. ಪೋಕ್ಸೊ ಕಾಯ್ದೆಯ 27ನೇ ಕಲಮಿನ ಪ್ರಕಾರ ಸಂತ್ರಸ್ತೆ ಬಾಲಕಿಯಾಗಿದ್ದರೆ ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ನೀವು ಎಷ್ಟು ಗಂಟೆಯ ಕೋರ್ಸ್ ಮಾಡಿದ್ದರೂ ವರದಿಯ ಕೆಳಗೆ ಪರೀಕ್ಷಕರಾಗಿ ಸಹಿ ಹಾಕುವ ಅಧಿಕಾರ ಇಂದಿನ ಕಾನೂನಿನಲ್ಲಿ ನಿಮಗೆ ಇಲ್ಲ.

ಜಾಹೀರಾತಿನಲ್ಲಿರುವುದು ಬೇರೆ ದೇಶದ ವ್ಯವಸ್ಥೆ. ಅಲ್ಲಿ ನರ್ಸ್‌ಗಳೇ ಪರೀಕ್ಷೆ ಮಾಡುವ ಪದ್ಧತಿ 1976ರಲ್ಲಿ ಮೆಂಫಿಸ್‌ನಲ್ಲಿ ಶುರುವಾಯಿತು, ಮರುವರ್ಷ ಮಿನಿಯಾಪೊಲಿಸ್‌ನಲ್ಲೂ ಬಂತು. 1992ರಲ್ಲಿ ಫೊರೆನ್ಸಿಕ್ ನರ್ಸ್‌ಗಳ ಅಂತರರಾಷ್ಟ್ರೀಯ ಸಂಘ ಹುಟ್ಟಿತು, 1995ರಲ್ಲಿ ಅಮೆರಿಕನ್ ನರ್ಸಸ್ ಅಸೋಸಿಯೇಷನ್ ಇದನ್ನು ಒಂದು ವಿಶೇಷ ವಿಭಾಗವೆಂದು ಒಪ್ಪಿಕೊಂಡಿತು. ಅಲ್ಲಿನ ‘ಸೇನ್’ ನರ್ಸ್ ಎಂದರೆ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ತಾನೇ ಪರೀಕ್ಷಿಸಿ, ಮಾದರಿ ತೆಗೆದು, ಕೋರ್ಟಿನಲ್ಲಿ ಸಾಕ್ಷಿ ಹೇಳುವವಳು. 40 ಗಂಟೆಯ ಪಾಠ ಆ ದಾರಿಯ ಮೊದಲ ಮೆಟ್ಟಿಲು ಮಾತ್ರ. ಅದರ ಮೇಲೆ ಆರ್‌ಎನ್ (ನೋಂದಾಯಿತ ನರ್ಸ್) ಆಗಿ 2 ವರ್ಷದ ಅನುಭವ, ಕಳೆದ 3 ವರ್ಷದಲ್ಲಿ 300 ಗಂಟೆ ಇದೇ ಕೆಲಸ ಮಾಡಿದ ದಾಖಲೆ, ಆಮೇಲೆ ಪರೀಕ್ಷೆ, ಇಷ್ಟಾದರೆ ಪ್ರಮಾಣಪತ್ರ. ಆ 300 ಗಂಟೆಯನ್ನು ಹಾವೇರಿಯಲ್ಲಿ ಕೂತು ಹೇಗೆ ತುಂಬಿಸುತ್ತೀರಿ? ಜಾಹೀರಾತು ಇದನ್ನು ಹೇಳುವುದಿಲ್ಲ. ಅಮೆರಿಕಕ್ಕೋ ಬ್ರಿಟನ್ನಿಗೋ ಹೋಗುವ ಯೋಚನೆ ಗಟ್ಟಿಯಾಗಿದ್ದರೆ ಮಾತು ಬೇರೆ. ನಮ್ಮ ಕಡೆಯ ಎಷ್ಟೋ ಹುಡುಗಿಯರು ಅಲ್ಲಿನ ಎಮರ್ಜೆನ್ಸಿ ವಿಭಾಗಗಳಲ್ಲಿದ್ದಾರೆ. ಟೆಕ್ಸಸ್‌ನಲ್ಲಂತೂ ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವ ನರ್ಸ್ ಸಾಕ್ಷ್ಯ ಸಂಗ್ರಹದ ಬಗ್ಗೆ ಕನಿಷ್ಠ 2 ಗಂಟೆ ಮುಂದುವರಿದ ಶಿಕ್ಷಣ ಪಡೆದಿರಲೇಬೇಕು. ಆದರೆ ಅದಕ್ಕಾಗಿ ಈಗಲೇ ದುಡ್ಡು ಕಟ್ಟುವುದು ಬೇಡ. ಹೋದಮೇಲೆ ಅಲ್ಲಿನ ರಾಜ್ಯದ ನಿಯಮ ನೋಡಿಕೊಂಡೇ ಮಾಡಿಕೊಳ್ಳಬಹುದು.

ಹಾಗಾದರೆ ನೀವು ಕಲಿಯುವುದು ಏನೂ ಇಲ್ಲವೇ? ಇದೆ, ಬೇಕಾದಷ್ಟಿದೆ. ಅದು ಪರೀಕ್ಷೆ ಮಾಡುವುದಕ್ಕೆ ಸಂಬಂಧಿಸಿದ್ದಲ್ಲ, ಅಷ್ಟೇ. ಡ್ಯೂಟಿ ಡಾಕ್ಟರ್ ಬಂದು ಎಂಎಲ್‌ಸಿ (ಪೊಲೀಸರಿಗೆ ಹೋಗುವ ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಬರೆಯುವ ಮೊದಲು ಒಂದು ಹೊತ್ತು ಇರುತ್ತದಲ್ಲ, ಆ ಹೊತ್ತಿನಲ್ಲಿ ರೋಗಿಯ ಹತ್ತಿರ ಇರುವವರು ನೀವು. ಬಟ್ಟೆ ಕತ್ತರಿಸುವವರು ನೀವು, ಗಾಯ ತೊಳೆಯುವವರು ನೀವು, ರಕ್ತ ತೆಗೆಯುವವರು ನೀವು, ಅವರು ಗೊಣಗಿದ ಮೊದಲ ಮಾತು ಕೇಳಿಸಿಕೊಳ್ಳುವವರೂ ನೀವೇ. ಪ್ರಕರಣ ನಿಲ್ಲುವುದೋ ಬೀಳುವುದೋ ಎಂಬುದು ಎಷ್ಟೋ ಸಲ ಅಲ್ಲಿಯೇ ತೀರ್ಮಾನವಾಗಿಬಿಟ್ಟಿರುತ್ತದೆ. ನಮ್ಮಲ್ಲಿ ನರ್ಸ್‌ಗಳ ಫೊರೆನ್ಸಿಕ್ ತರಬೇತಿ ಇದನ್ನು ಬಿಟ್ಟು ಬೆರಳಚ್ಚು, ಶವಪರೀಕ್ಷೆ, ಸೈಬರ್ ಅಪರಾಧ ಎಂದು ಅಲೆಯುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ.

ಬಟ್ಟೆಯಿಂದ ಶುರು ಮಾಡೋಣ. ಚಾಕು ಅಥವಾ ಗುಂಡಿನ ತೂತು ಇರುವ ಜಾಗದಲ್ಲಿ ಕತ್ತರಿ ಹಾಕಬೇಡಿ, ಅದನ್ನು ತಪ್ಪಿಸಿ ಹೊಲಿಗೆಯ ಪಕ್ಕದಲ್ಲಿ ಕತ್ತರಿಸಿ. ಬಟ್ಟೆ ಕೊಡವಬೇಡಿ. ಒಂದೊಂದು ಬಟ್ಟೆಗೂ ಬೇರೆ ಕಾಗದದ ಚೀಲ. ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟುವುದು ನಮ್ಮ ಆಸ್ಪತ್ರೆಗಳ ಹಳೆಯ ಚಾಳಿ. ಒಳಗೆ ತೇವ ನಿಂತು ಬೂಸ್ಟು ಹಿಡಿಯುತ್ತದೆ, ಡಿಎನ್‌ಎ ಹಾಳಾಗುತ್ತದೆ. ಒದ್ದೆ ಇದ್ದರೆ ಮೊದಲು ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ಹಾಕಬೇಡಿ. ಸ್ವಾಬ್‌ಗಳಿಗೂ ಇದೇ ಮಾತು. ಯಾವ ಮಾದರಿಗೂ ‘ಕೆಡದಿರಲಿ’ ಎಂದು ಫಾರ್ಮಲಿನ್ ಸುರಿಯಬೇಡಿ. ಬಯಾಪ್ಸಿಗೆ ಅದು ಸರಿ. ವಿಷ ಪತ್ತೆಗೆ, ಡಿಎನ್‌ಎಗೆ ಅದೇ ವೈರಿ.

ಹೊಡೆದಾಟದಲ್ಲಿ ಕುಡಿದಿದ್ದರೋ ಇಲ್ಲವೋ ಎಂಬ ಪ್ರಶ್ನೆ ಬಂದಾಗ ರಕ್ತ ತೆಗೆಯುವ ಮುನ್ನ ಕೈ ತಾನಾಗಿಯೇ ಸ್ಪಿರಿಟ್ ಹತ್ತಿಯ ಕಡೆ ಹೋಗುತ್ತದೆ. ಆಲ್ಕೋಹಾಲ್ ಪರೀಕ್ಷೆಗೆ ಆ ಮಾದರಿ ಹೋದರೆ ವಕೀಲರಿಗೆ ಅಷ್ಟೇ ಸಾಕು. ಸ್ಪಿರಿಟ್ ಇಲ್ಲದ ದ್ರಾವಣದಿಂದ ಒರೆಸಿ, ಹಾಗೆ ಮಾಡಿದ್ದನ್ನು ನೋಟ್ಸಿನಲ್ಲಿ ಬರೆದೂ ಇಡಿ. ಬೂದು ಮುಚ್ಚಳದ ಫ್ಲೋರೈಡ್ ವಯಲ್ ಆಲ್ಕೋಹಾಲಿಗೆ, ನೇರಳೆ ಮುಚ್ಚಳದ ಇಡಿಟಿಎ ವಯಲ್ ಡಿಎನ್‌ಎಗೆ. ವಿಷ ಕುಡಿದವರಿಗೆ ಹೊಟ್ಟೆ ತೊಳೆಯಬೇಕೆಂದು ಡಾಕ್ಟರ್ ನಿರ್ಧರಿಸಿದರೆ ಮೊದಲು ಹೊರಬಂದ ನೀರನ್ನೇ ಎತ್ತಿಡಿ. ಐದನೆಯ ಸಲದ ನೀರಿನಲ್ಲಿ ಏನಿರುತ್ತದೆ? ಮನೆಯವರು ತಂದ ಔಷಧದ ಡಬ್ಬಿಯನ್ನು ನೋಡಿ ವಾಪಸ್ ಕೊಟ್ಟುಬಿಡುವುದು ಎಲ್ಲ ಕಡೆ ನಡೆಯುತ್ತದೆ. ಅದನ್ನು ಎತ್ತಿಟ್ಟು, ಯಾರು ತಂದರು, ಎಷ್ಟು ಹೊತ್ತಿಗೆ ತಂದರು ಎಂದು ಬರೆದು, ಎಂಎಲ್‌ಸಿ ಮಾದರಿಗಳ ಜೊತೆಗೇ ಪೊಲೀಸರಿಗೆ ಕೊಡಿ.

ಮಾದರಿ ಎತ್ತಿಟ್ಟರೆ ಸಾಲದು. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಸರಪಳಿ ಕಡಿಯಬಾರದು. ಚೀಟಿ, ಅರಗಿನ ಸೀಲು, ಸಹಿ, ದಿನ, ಗಂಟೆ, ತೆಗೆದುಕೊಂಡ ಪೇದೆಯ ಹೆಸರು ಮತ್ತು ಬಕಲ್ ನಂಬರ್, ರಸೀದಿ. ಡ್ಯೂಟಿ ರೂಮಿನ ಫ್ರಿಜ್ಜಿನಲ್ಲಿ ಹಾಲಿನ ಪ್ಯಾಕೆಟ್ ಪಕ್ಕ, ಯಾರು ಬೇಕಾದರೂ ಬಾಗಿಲು ತೆಗೆಯುವಂತೆ ಮಾದರಿ ಇಟ್ಟಿದ್ದರೆ ಎಫ್‌ಎಸ್‌ಎಲ್‌ನ (ವಿಧಿವಿಜ್ಞಾನ ಪ್ರಯೋಗಾಲಯದ) ವರದಿ ಎಷ್ಟು ಚೆನ್ನಾಗಿ ಬಂದರೂ ಪಾಟೀ ಸವಾಲಿನಲ್ಲಿ ಅದರ ಗತಿ ನೀವೇ ಊಹಿಸಿ. ಬೀಗ ಇರುವ ಒಂದು ಪೆಟ್ಟಿಗೆ ಕೊಡಿಸಿ ಎಂದು ಆಡಳಿತ ವೈದ್ಯಾಧಿಕಾರಿಗೆ ಪತ್ರ ಬರೆಯಿರಿ. ಪತ್ರದ ಒಂದು ಪ್ರತಿ ನಿಮ್ಮ ಬಳಿ ಇರಲಿ.

ಇನ್ನು ಬರವಣಿಗೆ. ನಾನು ಹೆಚ್ಚು ಹೊತ್ತು ಪಾಠ ಮಾಡುವುದು ಇದನ್ನೇ, ಕೇಳುವವರು ಹೆಚ್ಚು ಆಕಳಿಸುವುದೂ ಇಲ್ಲಿಯೇ. ನಮ್ಮ ನರ್ಸಸ್ ನೋಟ್ಸಿನಲ್ಲಿ ಎಲ್ಲ ಗಾಯವೂ ‘ಲ್ಯಾಸರೇಟೆಡ್ ವೂಂಡ್’. ಕುಡುಗೋಲಿನಿಂದ ಆದದ್ದಕ್ಕೂ ಅದೇ, ಬಡಿಗೆಯಿಂದ ಆದದ್ದಕ್ಕೂ ಅದೇ. ಹರಿತವಾದ ಆಯುಧದಿಂದ ಆದದ್ದು ಇನ್ಸೈಸ್ಡ್: ಅಂಚು ನೇರ, ಒಳಗೆ ಎಳೆಗಳು ಉಳಿದಿರುವುದಿಲ್ಲ. ಮೊಂಡು ಪೆಟ್ಟಿನಿಂದ ಚರ್ಮ ಸೀಳಿದ್ದು ಲ್ಯಾಸರೇಶನ್: ಅಂಚು ಜಜ್ಜಿರುತ್ತದೆ, ನಡುವೆ ಎಳೆಗಳು ಸೇತುವೆಯ ಹಾಗೆ ಉಳಿದಿರುತ್ತವೆ. ತಲೆ, ಮೊಣಕಾಲಿನ ಕೆಳಗಿನ ಎಲುಬು ಮುಂತಾಗಿ ಚರ್ಮದ ಅಡಿಯಲ್ಲೇ ಎಲುಬಿರುವ ಕಡೆ ಕಲ್ಲಿನ ಪೆಟ್ಟೂ ಚಾಕುವಿನ ಗಾಯದಂತೆ ಕಾಣಬಹುದು. ಡಾಕ್ಟರು ಗಾಯದ ಪ್ರಮಾಣಪತ್ರದಲ್ಲಿ ಒಂದು, ನೀವು ನೋಟ್ಸಿನಲ್ಲಿ ಇನ್ನೊಂದು ಬರೆದರೆ ಎರಡೂ ದಾಖಲೆ ಕೋರ್ಟಿನಲ್ಲಿ ಒಟ್ಟಿಗೆ ತೆರೆದುಕೊಳ್ಳುತ್ತವೆ. ಆದ್ದರಿಂದ ಹೆಸರಿಡುವ ಕೆಲಸ ಡಾಕ್ಟರಿಗಿರಲಿ. ನೀವು ಕಂಡದ್ದನ್ನು ಬರೆಯಿರಿ: ಎಲ್ಲಿದೆ, ಎಷ್ಟು ಸೆಂಟಿಮೀಟರ್, ಅಂಚು ಹೇಗಿದೆ, ರಕ್ತ ಸೋರುತ್ತಿದೆಯೋ ಒಣಗಿದೆಯೋ. ಮೂಗೇಟಿನ ಬಣ್ಣ ನೋಡಿ ‘ಎರಡು ದಿನ ಹಳೆಯದು’ ಎಂದು ಬರೆಯಬೇಡಿ. ಬಣ್ಣ ಬರೆಯಿರಿ, ಸಾಕು.

ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ಉಳಿದ ನೋಟ್ಸ್ ಇಂಗ್ಲಿಷಿನಲ್ಲಿದ್ದರೂ ಚಿಂತೆಯಿಲ್ಲ, ಆ ಒಂದು ಸಾಲು ಉದ್ಧರಣ ಚಿಹ್ನೆಯೊಳಗೆ ಕನ್ನಡದಲ್ಲಿರಲಿ. ‘ಅವ್ನ ನನ್ ಕೂದ್ಲ ಹಿಡ್ದ ಎಳ್ದ’ ಎಂದದ್ದು ‘ಅಸಾಲ್ಟೆಡ್ ಬೈ ನೋನ್ ಪರ್ಸನ್’ (ಪರಿಚಿತರಿಂದ ಹಲ್ಲೆ) ಆದಾಗ ಕೂದಲೂ ಹೋಯಿತು, ಎಳೆದದ್ದೂ ಹೋಯಿತು. ಲಂಬಾಣಿಯಲ್ಲೋ ಉರ್ದುವಿನಲ್ಲೋ ಹೇಳಿದ್ದನ್ನು ಬೇರೆಯವರು ತಿಳಿಸಿ ಹೇಳಿದರೆ ಹಾಗೆ ಹೇಳಿದವರು ಯಾರೆಂದೂ ಬರೆಯಿರಿ. ನಿಮ್ಮ ತೀರ್ಪು ಮಾತ್ರ ಬೇಡ. ‘ಅತ್ಯಾಚಾರವಾಗಿದೆ’ ಎಂದೂ ಬೇಡ, ‘ಹಾಗೆ ಕಾಣುವುದಿಲ್ಲ’ ಎಂದೂ ಬೇಡ.

ಸುಟ್ಟ ಗಾಯದ ಹೆಣ್ಣುಮಕ್ಕಳ ವಿಷಯ ಬಂದಾಗ ಇದಕ್ಕೆ ಇನ್ನೊಂದು ತೂಕ ಬರುತ್ತದೆ. ಬರುವಾಗ ಗಂಡನ ಮನೆಯವರು ಸುತ್ತ ನಿಂತಿರುತ್ತಾರೆ, ‘ಸ್ಟೌ ಸಿಡೀತು’ ಎನ್ನುತ್ತಾಳೆ. ರಾತ್ರಿ ಡ್ರೆಸ್ಸಿಂಗ್ ಮಾಡುವಾಗ ನಿಮ್ಮೊಬ್ಬರ ಹತ್ತಿರ ಬೇರೆಯೇ ಹೇಳುತ್ತಾಳೆ. ಎರಡನ್ನೂ ಬರೆಯಿರಿ, ಗಂಟೆಯ ಸಮೇತ, ಆಗ ಯಾರಿದ್ದರು ಎಂಬುದರ ಸಮೇತ. ಕೂಡಲೇ ಡಾಕ್ಟರಿಗೆ ತಿಳಿಸಿ, ಮ್ಯಾಜಿಸ್ಟ್ರೇಟರನ್ನು ಕರೆಸುವ ವ್ಯವಸ್ಥೆ ಆಗಲಿ. ಮರಣಕಾಲದ ಹೇಳಿಕೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಮಿನಲ್ಲಿ ಜಾಗವಿದೆ, ಅದನ್ನು ಇಂಥವರಿಗೇ ಹೇಳಬೇಕೆಂಬ ಕಟ್ಟುಪಾಡಿಲ್ಲ. ಹೇಳುವಾಗ ಆಕೆಗೆ ಪ್ರಜ್ಞೆ ಸರಿಯಾಗಿತ್ತೇ ಎಂಬುದೇ ಆಮೇಲಿನ ವಾದ. ವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲ ಎಂಬ ಒಂದೇ ಕಾರಣಕ್ಕೆ ಹೇಳಿಕೆ ಬಿದ್ದುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2002ರಲ್ಲಿ ಲಕ್ಷ್ಮಣ್ ಪ್ರಕರಣದಲ್ಲಿ ಹೇಳಿದೆ. ಆದರೂ ವಾದ ನಿಲ್ಲುವುದಿಲ್ಲ, ಮತ್ತು ಆಗ ವಕೀಲರು ಬಿಡಿಸಿ ನೋಡುವುದು ನಿಮ್ಮ ಡ್ರಗ್ ಚಾರ್ಟನ್ನು. ನೋವಿನ ಇಂಜೆಕ್ಷನ್ ಎಷ್ಟು ಗಂಟೆಗೆ, ಎಷ್ಟು ಡೋಸ್, ಹೇಳಿಕೆ ಎಷ್ಟು ಗಂಟೆಗೆ? ಶಿಫ್ಟ್ ಮುಗಿಯುವಾಗ ಎಲ್ಲ ಡೋಸ್‌ಗಳ ಸಮಯವನ್ನು ಒಂದೇ ಕೈಯಲ್ಲಿ ತುಂಬುವ ಅಭ್ಯಾಸ ನಮ್ಮಲ್ಲಿ ಇದೆ, ಸುಮ್ಮನೆ ಮುಚ್ಚಿಟ್ಟು ಪ್ರಯೋಜನವಿಲ್ಲ. ಈ ಒಂದು ಅಭ್ಯಾಸ ಬಿಟ್ಟರೆ ಅರ್ಧ ಫೊರೆನ್ಸಿಕ್ ನರ್ಸಿಂಗ್ ಕಲಿತಂತೆ.

ಪೋಕ್ಸೊ ಮತ್ತು ಅತ್ಯಾಚಾರದ ಪ್ರಕರಣಗಳಲ್ಲಿ ನಿಮ್ಮ ಪಾತ್ರಕ್ಕೆ ಕಾನೂನಿನಲ್ಲೇ ಒಂದು ಜಾಗವಿದೆ, ಬಹಳ ಜನರಿಗೆ ಗೊತ್ತಿಲ್ಲ. ಮಗುವಿನ ಪರೀಕ್ಷೆ ತಂದೆ ತಾಯಿ ಅಥವಾ ಮಗು ನಂಬುವ ಬೇರೊಬ್ಬರ ಎದುರು ನಡೆಯಬೇಕು. ಅಂಥವರು ಇರಲಾಗದಿದ್ದರೆ ಆಸ್ಪತ್ರೆಯ ಮುಖ್ಯಸ್ಥರು ನೇಮಿಸಿದ ಒಬ್ಬ ಮಹಿಳೆಯ ಎದುರು. ಆ ಮಹಿಳೆ ಸಾಮಾನ್ಯವಾಗಿ ಡ್ಯೂಟಿಯಲ್ಲಿರುವ ಸಿಸ್ಟರೇ. ಟ್ರೇ ಹಿಡಿದು ನಿಲ್ಲುವುದಷ್ಟೇ ಅಲ್ಲಿ ನಿಮ್ಮ ಕೆಲಸವಲ್ಲ. ಮಗುವಿಗೆ ಏನು ಮಾಡುತ್ತೇವೆಂದು ಮೊದಲೇ ಹೇಳುವುದು, ಬೇಡ ಎಂದಾಗ ನಿಲ್ಲಿಸುವುದು, ಪರದೆಯಾಚೆ ಪೊಲೀಸ್ ಬರದಂತೆ ನೋಡಿಕೊಳ್ಳುವುದು ನಿಮ್ಮದೇ. ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದೆಲ್ಲದರ ವಿವರವೂ ಪರೀಕ್ಷೆಯ ನಮೂನೆಯೂ ಇದೆ. ಅದನ್ನು ಪ್ರಿಂಟ್ ಹಾಕಿಸಿ ಕ್ಯಾಶುಯಲ್ಟಿಯಲ್ಲಿ ಇಡಿ. ಎರಡು ಬೆರಳಿನ ಪರೀಕ್ಷೆ ಮಾಡಬಾರದು ಎಂದು ಅದು ಅಂದೇ ಹೇಳಿತ್ತು. 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್, ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದಿತು. ಹಳೆಯ ರೂಢಿಯ ಡಾಕ್ಟರೊಬ್ಬರು ಅದಕ್ಕೆ ಕೈಹಾಕಿದರೆ ಸಿಸ್ಟರ್ ಹೇಗೆ ಬೇಡ ಎನ್ನುವುದು? ‘ಸರ್, ನಮೂನೆಯಲ್ಲಿ ಆ ಕಾಲಂ ಇಲ್ಲವಲ್ಲ’ ಎಂದು ಹಾಳೆ ಮುಂದಿಡಬಹುದು. ಕಾಗದ ಮುಂದಿದ್ದರೆ ಮಾತು ಹಗುರವಾಗುತ್ತದೆ.

ಅದೇ ಮಾರ್ಗಸೂಚಿಯ ಪ್ರಕಾರ ಘಟನೆ ನಡೆದು 96 ಗಂಟೆಯೊಳಗೆ ಬಂದರೆ ದೇಹದ ಸ್ವಾಬ್ ತೆಗೆಯುವುದುಂಟು. ಆಮೇಲೆ ಬಂದರೂ ಬಟ್ಟೆಯಂಥ ವಸ್ತುಗಳಿಂದ ಸಾಕ್ಷ್ಯ ಸಿಗಬಹುದು. ‘ಸ್ನಾನ ಮಾಡಿಬಿಟ್ಟಿದ್ದಾಳೆ, ಇನ್ನೇನಿದೆ’ ಎಂದು ವಾಪಸ್ ಕಳಿಸುವ ಹಾಗಿಲ್ಲ. ಒಪ್ಪಿಗೆ ಕೇಳುವಾಗ ಪರೀಕ್ಷೆಗೆ, ಮಾದರಿಗೆ, ಚಿಕಿತ್ಸೆಗೆ ಬೇರೆಬೇರೆಯಾಗಿ ಕೇಳಬೇಕು. 12 ವರ್ಷ ದಾಟಿದ ಹುಡುಗಿಯ ಒಪ್ಪಿಗೆಯನ್ನು ಅವಳಿಂದಲೇ ಪಡೆಯಬೇಕು. ಬೇಡ ಎಂದರೆ ಬೇಡ ಎಂದದ್ದನ್ನು ದಾಖಲಿಸಬೇಕು, ಚಿಕಿತ್ಸೆ ಮಾತ್ರ ಕೊಡಲೇಬೇಕು. ಪೊಲೀಸ್ ಪತ್ರ ಬರಲಿ ಎಂದು ಕೂರಿಸುವಂತಿಲ್ಲ. ಉಚಿತ ಚಿಕಿತ್ಸೆ ನಿರಾಕರಿಸಿದರೆ ಆಸ್ಪತ್ರೆಯ ಹೊಣೆ ಹೊತ್ತವರಿಗೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಮಿನಡಿ ಒಂದು ವರ್ಷದವರೆಗೆ ಸಜೆ ಇದೆ. ಖಾಸಗಿ ಆಸ್ಪತ್ರೆಗೂ ಇದು ಅನ್ವಯ.

ಸಾಕ್ಷ್ಯದ ಗಡಿಬಿಡಿಯಲ್ಲಿ ನರ್ಸಿಂಗ್ ಮರೆತುಹೋಗಬಾರದು. ಗರ್ಭನಿರೋಧಕ ತುರ್ತು ಮಾತ್ರೆ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು, ಐದು ದಿನದವರೆಗೂ ಕೊಡಬಹುದು. ಎಚ್‌ಐವಿ ತಡೆಯುವ ಪಿಇಪಿ 72 ಗಂಟೆಯೊಳಗೆ ಶುರುವಾಗಿ 28 ದಿನ ನಡೆಯಬೇಕು. ಮೊದಲ ಡೋಸ್ ಕೊಟ್ಟು ‘ನಾಳೆ ಎಆರ್‌ಟಿ ಸೆಂಟರಿಗೆ (ಎಚ್‌ಐವಿ ಔಷಧ ಕೊಡುವ ಕೇಂದ್ರಕ್ಕೆ) ಹೋಗಿ’ ಎಂದರೆ ಹಳ್ಳಿಯಿಂದ ಬಂದವಳು ಬಸ್ಸಿನ ದುಡ್ಡಿಗೇ ನಿಂತುಹೋಗುತ್ತಾಳೆ. ಹಿಂಸೆಗೆ ಒಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರದವರಿಗೆ ನೀವೇ ಫೋನ್ ಮಾಡಿ. ಇನ್ನೊಂದು ಮಾತು: ನಿಮ್ಮ ಸ್ವಂತ ಮೊಬೈಲಿನಲ್ಲಿ ಗಾಯದ ಫೋಟೊ ತೆಗೆಯಬೇಡಿ, ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಡಿ, ಅದು ಆಸ್ಪತ್ರೆಯದೇ ಗುಂಪಾಗಿದ್ದರೂ. ಸಂತ್ರಸ್ತೆಯ ಗುರುತು ಬಯಲು ಮಾಡುವುದು ಅಪರಾಧ.

ಪೋಕ್ಸೊದ 19ನೇ ಕಲಂ ವಿಷಯ ತಿಳಿದಾಗ ವರದಿ ಮಾಡುವ ಹೊಣೆಯನ್ನು ‘ಯಾವುದೇ ವ್ಯಕ್ತಿ’ಯ ಮೇಲೆ ಹೊರಿಸಿದೆ, ಅದರಲ್ಲಿ ನೀವೂ ಸೇರಿದ್ದೀರಿ. ಮಾಡದಿದ್ದರೆ ಆರು ತಿಂಗಳವರೆಗೆ ಸಜೆ ಅಥವಾ ದಂಡ. ಬಾಲ್ಯವಿವಾಹವಾಗಿ ಬಸುರಿಯಾಗಿ ಬರುವ ಹದಿನಾರರ ಹುಡುಗಿಯ ವಿಷಯದಲ್ಲಿ ಇದು ಎಷ್ಟು ಕಷ್ಟದ ಇಕ್ಕಟ್ಟು ಎಂದು ನಿಮಗೆ ನಾನು ಹೇಳಬೇಕಿಲ್ಲ. ಹೆದರಿಸಿದರೆ ಮುಂದಿನ ಸಲ ಅವಳು ಆಸ್ಪತ್ರೆಗೇ ಬರುವುದಿಲ್ಲ. ವರದಿ ಆಗುತ್ತದೆ ಎಂಬುದನ್ನು ಮೊದಲೇ ಅವಳಿಗೆ ಹೇಳಿ, ಆಮೇಲೆ ಮಾಡಿ. ಬೆನ್ನ ಹಿಂದೆ ಮಾಡಬೇಡಿ.

ಈಗ ಗಂಟೆಗಳ ಲೆಕ್ಕ. ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಗದಿ ಮಾಡಿರುವುದು 5 ವರ್ಷಕ್ಕೆ 150 ಗಂಟೆ, ಅಂದರೆ ವರ್ಷಕ್ಕೆ 30. ಲೆಕ್ಕಕ್ಕೆ ಬರಬೇಕಾದರೆ ಆ ಕಾರ್ಯಕ್ರಮಕ್ಕೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ಅಂಗೀಕಾರ ಇರಬೇಕು. ‘ಅಂತರರಾಷ್ಟ್ರೀಯ ಮಾನ್ಯತೆ’ ಎಂಬ ಚಿನ್ನದ ಅಕ್ಷರ ನೋಡಿ ಮರುಳಾಗಬೇಡಿ, ಹಣ ಕಟ್ಟುವ ಮೊದಲು ಕ್ರೆಡಿಟ್ ಅವರ್ಸ್ ಕೊಟ್ಟ ಕೌನ್ಸಿಲ್ಲಿನ ಪತ್ರ ತೋರಿಸಿ ಎನ್ನಿ. ಪತ್ರ ಇಲ್ಲದವರು ಅಲ್ಲೇ ಫೋನ್ ಇಡುತ್ತಾರೆ.

ಹೊಸ ಹುಡುಗಿಯರ ಬಗ್ಗೆ ಕೀಳರಿಮೆಯೂ ಬೇಡ. ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ 2021ರ ಪರಿಷ್ಕೃತ ಬಿಎಸ್ಸಿ ಪಠ್ಯದಲ್ಲಿ ಐದನೇ ಸೆಮಿಸ್ಟರಿಗೆ ಫೊರೆನ್ಸಿಕ್ ನರ್ಸಿಂಗ್ ಮತ್ತು ಭಾರತೀಯ ಕಾನೂನುಗಳ ಪರಿಚಯ ಎಂಬ ವಿಷಯ ಬಂದಿದೆ, 1 ಕ್ರೆಡಿಟ್, 20 ಗಂಟೆ. ಅವರಿಗೆ ಪುಸ್ತಕ ಗೊತ್ತು, ನಿಮಗೆ ಕ್ಯಾಶುಯಲ್ಟಿ ಗೊತ್ತು. ಆ ಪಠ್ಯಕ್ರಮ ಕೌನ್ಸಿಲ್ಲಿನ ಜಾಲತಾಣದಲ್ಲಿ ಸಿಗುತ್ತದೆ, ನೀವೇ ಇಳಿಸಿಕೊಂಡು ಓದಿ. ಹಿಂಸೆಗೆ ಒಳಗಾದ ಹೆಂಗಸರ ಆರೈಕೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ತರಬೇತಿ ಪಠ್ಯವೂ ಉಚಿತ. ಇಂಗ್ಲಿಷಿನಲ್ಲಿದೆ, ಆದರೆ ಸರಳವಾಗಿದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ದೂರದ ಕೋರ್ಸಿಗಿಂತ ಹತ್ತಿರದವರನ್ನು ಹಿಡಿಯುತ್ತಿದ್ದೆ. ಹಾವೇರಿ, ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಫೊರೆನ್ಸಿಕ್ ಮೆಡಿಸಿನ್ ವಿಭಾಗದಿಂದ ಒಬ್ಬರು ಗಾಯ ಮತ್ತು ಮಾದರಿಗಳ ಬಗ್ಗೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಿಂದ ಒಬ್ಬರು ಆಘಾತಕ್ಕೊಳಗಾದವರೊಡನೆ ಮಾತಾಡುವ ಬಗ್ಗೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಒಬ್ಬ ವಕೀಲರು ಸಾಕ್ಷಿ ಹೇಳುವ ಬಗ್ಗೆ ಪಾಠ ಮಾಡಿದರೆ ಎರಡು ದಿನದ ಒಳ್ಳೆಯ ಕಾರ್ಯಾಗಾರವಾಗುತ್ತದೆ. ಜಿಲ್ಲೆಯ ನರ್ಸಿಂಗ್ ಕಾಲೇಜೊಂದು ಜೊತೆಯಾಗಿ ರಾಜ್ಯ ಕೌನ್ಸಿಲ್ಲಿಗೆ ಮುಂಚಿತವಾಗಿ ಅರ್ಜಿ ಹಾಕಿದರೆ ಗಂಟೆಗಳೂ ಸಿಗುವ ದಾರಿ ಇದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲೇ ಇದೆ, ಅಲ್ಲಿನವರನ್ನೂ ಕೇಳಬಹುದು.

ದೊಡ್ಡ ಓದಿನ ಆಸೆ ಇದ್ದರೆ ಒಂದು ವರ್ಷದ ಎಮರ್ಜೆನ್ಸಿ ಅಂಡ್ ಡಿಸಾಸ್ಟರ್ ನರ್ಸಿಂಗ್ ಪೋಸ್ಟ್ ಬೇಸಿಕ್ ಡಿಪ್ಲೊಮಾ ನಿಮ್ಮ ಕೆಲಸಕ್ಕೆ ಹತ್ತಿರ. ಯಾರು ಯಾವ ಹೆಸರಿನ ಡಿಪ್ಲೊಮಾ ಕೊಡುತ್ತೇವೆಂದರೂ ಆ ಸಂಸ್ಥೆ ಕೌನ್ಸಿಲ್ಲಿನ ಪಟ್ಟಿಯಲ್ಲಿದೆಯೇ ಎಂದು ನೋಡಿ. ಬಡ್ತಿಗೆ ಲೆಕ್ಕಕ್ಕೆ ಬರುತ್ತದೆಯೇ ಎಂದು ಇಲಾಖೆಯನ್ನು ಬರಹದಲ್ಲಿ ಕೇಳಿ.

ಕೊನೆಗೆ ಕೋರ್ಟು. ಸಮನ್ಸ್ ಬಂದರೆ ಅದು ನಿಮ್ಮ ಮೇಲಿನ ಕೇಸಲ್ಲ. ಹೋಗದೇ ಇರುವುದೇ ತಪ್ಪು. ಆಡಳಿತ ವೈದ್ಯಾಧಿಕಾರಿಗೆ ತೋರಿಸಿ, ಕೇಸ್ ಶೀಟ್ ರೆಕಾರ್ಡ್ ರೂಮಿನಿಂದ ತೆಗೆಸಿ ಒಂದು ದಿನ ಮೊದಲೇ ಓದಿ. ವರ್ಷಗಳ ಹಿಂದಿನದು ಬಾಯಿಪಾಠ ಇರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ, ನೀವೇ ಆಗ ಬರೆದ ದಾಖಲೆ ನೋಡಿ ನೆನಪು ಮಾಡಿಕೊಳ್ಳಲು ನ್ಯಾಯಾಧೀಶರ ಅನುಮತಿ ಕೇಳಬಹುದು. ಕೇಳಿದಷ್ಟಕ್ಕೇ ಉತ್ತರ ಕೊಡಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ಗಾಯ ಯಾವ ಆಯುಧದಿಂದ ಆಗಿರಬಹುದು ಎಂದು ಕೇಳಿದರೆ ಅದು ವೈದ್ಯರು ಹೇಳಬೇಕಾದದ್ದು ಎನ್ನಿ. ಗದರಿದರೆ ವಕೀಲರ ಕಡೆ ತಿರುಗದೆ ನ್ಯಾಯಾಧೀಶರನ್ನೇ ನೋಡಿ ಮಾತಾಡಿ. ಕನ್ನಡದಲ್ಲೇ ಮಾತಾಡಿ, ಹೇಳಿಕೆ ಓದಿ ತಿಳಿದ ಮೇಲೆಯೇ ಸಹಿ ಹಾಕಿ. ಹೊರಡುವ ಮುಂಚೆ ಹಾಜರಾತಿ ಪ್ರಮಾಣಪತ್ರ ಕೇಳಿ ಪಡೆಯಿರಿ. ಅದಿಲ್ಲದೆ ಆ ದಿನವನ್ನು ಒಒಡಿ (ಬೇರೆ ಕರ್ತವ್ಯದ ಮೇಲೆ) ಎಂದು ಹಾಕಿಸಿಕೊಳ್ಳುವುದು ಕಷ್ಟ, ನಿಮ್ಮ ಸಿಎಲ್ (ಸಾಂದರ್ಭಿಕ ರಜೆ) ಒಂದು ಸುಮ್ಮನೆ ಹೋಗುತ್ತದೆ.